ಅರ್ಧ ಗೋಡೆಯ ಬಣ್ಣ

ನಕ್ಷೆಯ ಮೇಲಿನ ಗೆರೆಗೂ ದಪ್ಪ ಇರುತ್ತದೆ ಎಂಬುದು ಅದನ್ನು ಎಳೆಯುವವರಿಗೆ ಗೊತ್ತು, ಅದರ ಅಡಿಗೆ ಸಿಕ್ಕಿಬಿದ್ದವರಿಗೆ ಗೊತ್ತು. ಮಿಕ್ಕ ಲೋಕಕ್ಕೆ ಗೆರೆ ಅಂದರೆ ಗೆರೆ, ಅಷ್ಟೆ. ನಗರ ಯೋಜನೆ ಕಚೇರಿಯಲ್ಲಿ ನಕ್ಷೆ ಮಾಡುತ್ತಲೇ ಕೂದಲು ಉದುರಿಸಿಕೊಂಡ ಗುಬ್ಬಿಗೆ ಈ ಸಂಗತಿ ಹಳೆಯದು. ಈಗ ಅವನ ಅಕ್ಕನಿಗೂ ತಿಳಿದುಬಿಟ್ಟಿತ್ತು, ತೊಂದರೆ ಶುರುವಾದದ್ದೇ ಅಲ್ಲಿ. ಹೊಳೆಯ ಪಕ್ಕ ಅವನು ಎಳೆದ ನೀಲಿ ಗೆರೆ ಕಾಗದದ ಮೇಲೆ ಕೂದಲೆಳೆಯಷ್ಟು. ನೆಲದ ಮೇಲೆ ಮಾತ್ರ ಒಂದು ಇಡೀ ಮನೆಯನ್ನು ನುಂಗಿ ನೀರು ಕುಡಿಯುವಷ್ಟು ಅಗಲ. ಆ ಮನೆ ಅಕ್ಕನದು.

"ನಾನು ಗೆರೆಯ ಆ ಕಡೆಯೋ ಈ ಕಡೆಯೋ? ಅಷ್ಟು ಹೇಳು ಸಾಕು," ಎಂದು ದಿನಾ ಬೆಳಗ್ಗೆ ಅವನು ಹಲ್ಲುಜ್ಜುವ ಹೊತ್ತಿಗೆ ಸರಿಯಾಗಿ ಫೋನು.

"ಅಕ್ಕಾ, ಅದಿನ್ನೂ ಕರಡು."

"ಕರಡೋ ಕರಡಿಯೋ, ನಮ್ಮನೆ ಎಲ್ಲಿದೆ ಹೇಳು."

"ಗೆರೆಯ ನಡು ಹಿಡಿದರೆ ಅಡುಗೆಮನೆ, ಹಿಂದಿನ ಕೋಣೆ ಹೊಳೆ ಕಡೆಗೆ ಬರುತ್ತೆ. ಹಾಲ್ ಊರ ಕಡೆಗೆ."

"ಒಳ್ಳೇದಾಯ್ತು ಬಿಡು. ಹೊಳೇಲಿ ಅಡುಗೆ ಮಾಡಿ ಊರಲ್ಲಿ ಬಡಿಸ್ತೀನಿ."

ಗುಬ್ಬಿ ಎಂಬುದು ಅಕ್ಕನೇ ಇಟ್ಟ ಹೆಸರು. ಅಮ್ಮ ತೀರಿಕೊಂಡಾಗ ಅವನು ಅಷ್ಟೇ ಸಣ್ಣಗೆ, ಅಷ್ಟೇ ಪುಕ್ಕಲಾಗಿ ಇದ್ದ. ಆಗಷ್ಟೇ ಮದುವೆಯಾಗಿದ್ದ ಅಕ್ಕ ತಮ್ಮನನ್ನೂ ಬಟ್ಟೆಗಂಟಿನ ಜೊತೆ ಎತ್ತಿಕೊಂಡು ಗಂಡನ ಮನೆಗೆ ಬಂದಳು. ಬಸ್ ಓಡಿಸುತ್ತಿದ್ದ ಭಾವ ಒಂದು ಮಾತೂ ಆಡದೆ ತಟ್ಟೆ ಇನ್ನೊಂದು ಇಟ್ಟ. ಗುಬ್ಬಿ ಬೆಳೆದದ್ದು, ಓದಿದ್ದು, ಇದ್ದಿಲಿನಿಂದ ನೆಲದ ಮೇಲೆ ಮೊದಲ ಗೆರೆ ಎಳೆದದ್ದು ಎಲ್ಲ ಆ ಅಡುಗೆಮನೆಯಲ್ಲೇ. ಈಗ ತೂಕ ಗುಬ್ಬಿಯದಲ್ಲ, ಹೆಸರು ಮಾತ್ರ ಹಾಗೇ ಉಳಿದಿದೆ.

ಕಳೆದ ಮಳೆಗಾಲದಲ್ಲಿ ಹೊಳೆ ಉಕ್ಕಿ ಊರೊಳಗೆ ನುಗ್ಗಿತ್ತು. ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ಸರಕಾರದ ಹಳೆಯ ಅಭ್ಯಾಸ. ಹೊಳೆಯ ಎರಡೂ ಕಡೆ ನೆರೆ ಗೆರೆ ಹಾಕಿ ಎಂದು ಕಚೇರಿಗೆ ಆದೇಶ ಬಂತು. ಗೆರೆಯಿಂದ ಹೊಳೆ ಕಡೆಗಿರುವ ಮನೆಗಳು ಏಳಬೇಕು. ಅವರಿಗೆ ಊರಾಚೆ ಬೇರೆ ಮನೆ. ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಮನೆಮನೆಗೆ ಹೋಗಿ ಕೇಳಿಸಿದರು. ಬೇರೆ ಬೀದಿಗಳಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರೆ, ಅಕ್ಕನ ಬೀದಿಯವರು ಮಾತ್ರ ಎಲ್ಲರೂ ಒಂದೇ ಮಾತು ಹೇಳಿದ್ದರು. ನೀರು ಬೀದಿಯ ಕೆಳತುದಿಯಲ್ಲೇ ನಿಂತಿತು, ಯಾರ ಹೊಸ್ತಿಲನ್ನೂ ದಾಟಲಿಲ್ಲ. ನೆರೆಯ ಮರುದಿನ ಗುಬ್ಬಿಯೂ ಗಾಬರಿಯಿಂದ ಫೋನು ಮಾಡಿದ್ದ. "ತುದೀಲೇ ನಿಂತಿತು ಕಣೋ, ನೀನು ನಿನ್ನ ಕೆಲಸ ನೋಡು," ಎಂದಿದ್ದಳು ಅಕ್ಕ. ಅವನು ನಿಟ್ಟುಸಿರು ಬಿಟ್ಟು, ನಂಬಿ, ಗೆರೆಯನ್ನು ಆ ಬೀದಿಯ ಕೆಳತುದಿಗೆ ಅಡ್ಡಲಾಗಿ ಎಳೆದಿದ್ದ.

ಈಗ ಮತ್ತೆ ಮಳೆಗಾಲ ಬಾಗಿಲಿಗೆ ಬಂದು ನಿಂತಿತ್ತು. ಮುಂದಿನ ವಾರ ಸಾರ್ವಜನಿಕರ ಅಹವಾಲು ಕೇಳುವ ಸಭೆ. ಅದಾದ ಮೇಲೆ ಗೆರೆ ಗಟ್ಟಿ.

ನೆರೆ ಇಳಿದಾಗಿನಿಂದ ನಕ್ಷೆಯ ಕೆಲಸದಲ್ಲೇ ಮುಳುಗಿ ಅತ್ತ ಸುಳಿಯದಿದ್ದ ಗುಬ್ಬಿ ರಜೆಯ ದಿನ ಅಕ್ಕನ ಮನೆಗೆ ಹೊರಟ. ಗೆರೆ ನೆಲದ ಮೇಲೆ ಎಲ್ಲಿ ಬೀಳುತ್ತದೆ ಎಂದು ಕಣ್ಣಾರೆ ನೋಡದೆ ಅವನ ಮನಸ್ಸು ಕಾಲು ಸುಟ್ಟ ಬೆಕ್ಕಿನ ಹಾಗೆ ಆಡುತ್ತಿತ್ತು. ಎಂದೂ ಸ್ಕೂಟರಿನಲ್ಲಿ ಭರ್ರನೆ ಬಾಗಿಲಿಗೇ ಹೋಗುವವನು ಅವತ್ತು ಬೀದಿಯ ಮೇಲ್ತುದಿಯಲ್ಲೇ ಗಾಡಿ ನಿಲ್ಲಿಸಿ ನಡೆದ. ಹೊಳೆಯತ್ತ ಇಳಿಜಾರಾದ ಉದ್ದನೆಯ ಬೀದಿ. ಜನರಿಗೆ ಹೊಸ ಶೋಕಿ ಬಂದ ಹಾಗಿತ್ತು. ಪ್ರತಿ ಮನೆಯ ಗೋಡೆಗೂ ಎರಡೆರಡು ಬಣ್ಣ. ಮೇಲೆ ಹಳೆಯದು, ಕೆಳಗೆ ಹೊಸದು. ಬೇಕರಿಯವನ ಮನೆಗೆ ಕೆಳಗೆ ಹಸಿರು, ಪಕ್ಕದವರದಕ್ಕೆ ಇಟ್ಟಿಗೆ ಕೆಂಪು. ಅಕ್ಕನ ಮನೆಗೂ ಎದೆಮಟ್ಟದವರೆಗೆ ಹೊಸ ಹಳದಿ ಬಳಿದಿತ್ತು.

"ಚೆನ್ನಾಗಿದೆಯಲ್ಲಕ್ಕಾ ಬಣ್ಣ. ಪೂರ್ತಿ ಯಾಕೆ ಹೊಡೆಸಲಿಲ್ಲ?"

"ಬೀದಿ ಮಕ್ಕಳು ಗೀಚಿ ಹಾಳು ಮಾಡಿದ್ವು. ಅವರ ಕೈಗೆ ಎಟುಕೋ ಅಷ್ಟಕ್ಕೇ ಹೊಡೆಸಿದೆ," ಎಂದಳು. ಎದೆಮಟ್ಟ ಎಟುಕುವ ಮಕ್ಕಳು ಗೋಡೆ ಗೀಚುವ ವಯಸ್ಸಿನವರಲ್ಲ ಎಂದು ಆ ಕ್ಷಣಕ್ಕೆ ಅವನಿಗೆ ಹೊಳೆಯಲಿಲ್ಲ. ಅಕ್ಕನ ಎದುರು ಅವನ ಬುದ್ಧಿ ಎಂದೂ ಒಂದು ಹೆಜ್ಜೆ ಹಿಂದೆ.

ಹಾಲಿನಿಂದ ಎರಡು ಮೆಟ್ಟಿಲು ತಗ್ಗಿನಲ್ಲಿದ್ದ ಹಿಂದಿನ ಕೋಣೆಯಲ್ಲಿ ಭಾವ ಮಲಗಿದ್ದ. ಲಕ್ವ ಹೊಡೆದು ಬಲಗಡೆ ಬಿದ್ದುಹೋಗಿತ್ತು, ಮಾತೂ ಅದರ ಜೊತೆಗೇ ಹೋಗಿತ್ತು. ಊರೆಲ್ಲ ಬಸ್ಸು ಸುತ್ತಿಸಿದ ಮನುಷ್ಯನಿಗೆ ಈಗ ನೆನಪಿರುವುದು ಈ ಮನೆಯೊಂದೇ. ರಜೆ ಸಿಕ್ಕಾಗಲೆಲ್ಲ ತಾನೇ ನಿಂತು ಕಟ್ಟಿಸಿದ ಗೋಡೆ. ಎಡಗೈಯಿಂದ ಅದನ್ನು ಸವರಿಕೊಂಡೇ ನಿದ್ದೆ ಹೋಗುತ್ತಾನೆ. ಆಸ್ಪತ್ರೆಗೆ ಸೇರಿಸಿದ್ದಾಗ ಗೋಡೆ ಸಿಗದೆ ಮಗುವಿನ ಹಾಗೆ ಅತ್ತಿದ್ದ. ಅಕ್ಕ ಗೆರೆಗೆ ಹೆದರಿದ್ದು ಇದಕ್ಕೇ. ಬೇರೆ ಮನೆಗೆ ಹೋದರೆ ಈ ಮನುಷ್ಯ ಉಳಿಯುವುದಿಲ್ಲ ಎಂದು ಅವಳು ಗಟ್ಟಿಯಾಗಿ ನಂಬಿದ್ದಳು.

ಗುಬ್ಬಿ ಭಾವನ ಕೈ ಹಿಡಿದು ಕೂತ. ಮಂಚದ ಕಾಲುಗಳ ಕೆಳಗೆ ಇಟ್ಟಿಗೆ ಪೇರಿಸಿತ್ತು. ಹಾಲಿನಲ್ಲಿ ಇರಬೇಕಾದ ಊಟದ ಮೇಜು ಮಂಚಕ್ಕೆ ಒತ್ತಿಕೊಂಡು ನಿಂತಿತ್ತು. ಆರು ಜನ ಕೂರುವ ಭಾರಿ ಮೇಜು ಬಂದು ಕೋಣೆಯಲ್ಲಿ ತಿರುಗಾಡಲೂ ಜಾಗವಿರಲಿಲ್ಲ.

"ಇದ್ಯಾಕೆ ಇಲ್ಲಿಗೆ ಬಂತು?"

"ಮಾತ್ರೆ ಇಡೋಕೆ," ಎಂದಳು ಅಕ್ಕ. ಮೇಜಿನ ಮೇಲೆ ಒಂದೇ ಒಂದು ಮಾತ್ರೆ ಡಬ್ಬಿ ಇತ್ತು. "ಅದಿರ್ಲಿ, ಗೆರೆಯ ಒಳ ಅಂಚು, ಅಂದ್ರೆ ಹೊಳೆ ಕಡೇ ಅಂಚು ಹಿಡಿದರೆ ನಮ್ಮನೆ ಪೂರ್ತಿ ಉಳಿಯುತ್ತಂತೆ? ಬೇಕರಿಯವನು ಹೇಳಿದ. ಅದು ನಿನ್ನ ಕೈಲೇ ಇದೆಯಂತೆ?"

"ಇದೆ," ಎಂದ ಗುಬ್ಬಿ.

"ಹಾಗಿದ್ರೆ ಹಿಡಿಯೋ. ನಿನ್ನ ಹತ್ರ ನಾನು ಇದುವರೆಗೂ ಏನೂ ಕೇಳಿಲ್ಲ."

ಅದು ನಿಜ. ಕೊಟ್ಟದ್ದೇ ಹೊರತು ಕೇಳಿದವಳಲ್ಲ. ಹಿಡಿಯುತ್ತೇನೆ ಎಂದು ಮನಸ್ಸಿನಲ್ಲೇ ಮಾತು ಕೊಟ್ಟು ಗುಬ್ಬಿ ಹೊರಟ. ಗೆರೆಯ ದಪ್ಪದಲ್ಲಿ ಎಲ್ಲಿ ಹಿಡಿದರೂ ತಪ್ಪೇನಲ್ಲ, ಕಾನೂನಿನಲ್ಲೇ ಅವಕಾಶವಿದೆ, ನೀರಂತೂ ಬಂದೇ ಇಲ್ಲ. ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತ ಮೇಲ್ತುದಿಗೆ ಬಂದು, ಸ್ಕೂಟರಿಗೆ ಕೀಲಿ ಹಾಕುವ ಮುಂಚೆ ಸುಮ್ಮನೆ ಒಮ್ಮೆ ಹಿಂತಿರುಗಿ ನೋಡಿದ.

ನೋಡಿದವನು ಹಾಗೇ ನಿಂತ. ಮೇಲಿನ ಮನೆಗಳಲ್ಲಿ ಹೊಸ ಬಣ್ಣ ಪಾದ ಮುಳುಗುವಷ್ಟು, ನಡುವೆ ಮೊಣಕಾಲು, ಬೇಕರಿಯವನ ಮನೆಗೆ ಸೊಂಟ, ಅಕ್ಕನ ಮನೆಗೆ ಎದೆ, ಅದರಾಚೆ ಕಿಟಕಿಯನ್ನೂ ದಾಟಿತ್ತು. ಬೀದಿ ಇಳಿಯುತ್ತಿತ್ತು, ಬಣ್ಣದ ಮೇಲಂಚು ಮಾತ್ರ ಇಳಿದಿರಲಿಲ್ಲ. ಅವನು ಒಂದು ಕಣ್ಣು ಮುಚ್ಚಿದ. ಹಸಿರು, ಕೆಂಪು, ಹಳದಿ ಎಲ್ಲ ಬಣ್ಣಗಳ ಅಂಚೂ ದಾರ ಹಿಡಿದು ಎಳೆದ ಹಾಗೆ ಒಂದೇ ಮಟ್ಟಕ್ಕೆ, ನೇರ ಹೊಳೆಯವರೆಗೆ. ಅಷ್ಟು ಸಮಮಟ್ಟದ ಗೆರೆಯನ್ನು ಯಾವ ಬಣ್ಣದವನೂ ಎಳೆಯಲಾರ. ಎಳೆಯುವುದು ನೀರು ಮಾತ್ರ. ಕೆಸರಿನ ಕಲೆ ಎಲ್ಲಿಯವರೆಗಿತ್ತೋ ಅಲ್ಲಿಯವರೆಗೆ ಎಲ್ಲರೂ ಬಳಿದು ಮುಚ್ಚಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇಲ್ಲಿ ಇಡೀ ಬೀದಿಯೇ ಹೆಗಲು ಮುಟ್ಟಿಕೊಂಡು ನಿಂತಿತ್ತು.

ಆಮೇಲೆ ಅವನಿಗೆ ಮಂಚದ ಕೆಳಗಿನ ಇಟ್ಟಿಗೆ ನೆನಪಾಯಿತು.

ಅಲ್ಲಿಂದ ಗುಬ್ಬಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಚಹಾ ತರಿಸಿ ಕುಡಿಯಲು ಮರೆತ. ಕಚೇರಿಯ ಕಿಟಕಿಯಲ್ಲಿ ಮೋಡ ನೋಡಿದ, ಕುರ್ಚಿಗೆ ಬಂದ, ಮತ್ತೆ ಕಿಟಕಿಗೆ ಹೋದ. ಹೇಳಿದರೆ ಅಕ್ಕನ ಮನೆಯ ಜೊತೆ ಬೀದಿಗೆ ಬೀದಿಯೇ ಏಳಬೇಕು. ಹೇಳದಿದ್ದರೆ ಆ ತಗ್ಗು ಕೋಣೆ, ಆ ಮಂಚ, ಏಳಲಾಗದ ಆ ಮನುಷ್ಯ, ಮೇಲೆ ಈ ಮೋಡ. ಅತ್ತ ದರಿ ಇತ್ತ ಪುಲಿ ಎಂದು ಸಣ್ಣವನಿದ್ದಾಗ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ. ಅರ್ಥವಾಗಲು ಇಷ್ಟು ವರ್ಷ ಬೇಕಾಯಿತು.

ಕೊನೆಗೆ ಸಾಹೇಬರ ಕೋಣೆಗೆ ಹೋಗಿ ಬಣ್ಣದ ವಿಷಯ ಹೇಳಿದ. ಸಾಹೇಬರು ನಿವೃತ್ತಿಯ ಹೊಸ್ತಿಲಲ್ಲಿದ್ದವರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬುದನ್ನು ಬಿಟ್ಟು ಅವರಿಗೆ ಬೇರೆ ಯೋಜನಾಶಾಸ್ತ್ರ ಗೊತ್ತಿರಲಿಲ್ಲ.

"ಅಲ್ರೀ, ಅಲ್ಲಿ ಇರೋರೇ ನೀರು ಬಂದಿಲ್ಲ ಅಂತಾರೆ. ನೀವ್ಯಾಕೆ ಬರಿಸ್ತೀರಿ? ಒಳ ಅಂಚು ಹಿಡೀರಿ, ಬೀದಿಯವರಿಗೂ ಖುಷಿ, ನಮಗೂ ನೆಮ್ಮದಿ. ಗೋಡೆ ಬಣ್ಣ ನೋಡಿ ನೆರೆ ಗೆರೆ ಹಾಕಿದ್ರು ಅಂದ್ರೆ ನಗೋದಿಲ್ವಾ ಜನ?"

"ಅಲ್ಲಿ ನಮ್ಮಕ್ಕನ ಮನೆ ಇದೆ ಸಾರ್."

"ಮತ್ತಿನ್ನೇನು! ಅದಕ್ಕಾದ್ರೂ ಒಳ ಅಂಚು ಹಿಡೀರಿ," ಎಂದು ಸಾಹೇಬರು ನಿಜಕ್ಕೂ ಅಚ್ಚರಿಪಟ್ಟರು.

ಸಭೆಯ ಹಿಂದಿನ ದಿನ ಅಕ್ಕ ಫೋನು ಮಾಡಿ, "ನಾಳೆ ಬೀದಿಯವರ ಪರವಾಗಿ ನಾನೇ ಮಾತಾಡ್ತೀನಿ. ಗುರುತೇ ಇಲ್ಲದವನ ಹಾಗೆ ಇರು, ಆಯ್ತಾ?" ಎಂದಳು.

"ಅಕ್ಕಾ, ಅವತ್ತು ನೀರು..."

"ಬಂದಿಲ್ಲ," ಎಂದು ಫೋನು ಇಟ್ಟೇಬಿಟ್ಟಳು.

ಸಭೆಗೆ ಜನ ಕಿಕ್ಕಿರಿದಿದ್ದರು. ಫ್ಯಾನು ತಿರುಗುವುದಕ್ಕಿಂತ ಹೆಚ್ಚು ಕಿರುಗುಟ್ಟುತ್ತಿತ್ತು. ವೇದಿಕೆಯ ಮೇಲೆ ಸಾಹೇಬರು, ಅವರ ಪಕ್ಕ ಗುಬ್ಬಿ, ಕೊನೆಯಲ್ಲಿ ನಡೆದದ್ದನ್ನೆಲ್ಲ ದಾಖಲಿಸುವ ಟೈಪಿಸ್ಟ್ ಹುಡುಗಿ. ಅಕ್ಕನ ಸರದಿ ಬಂತು. ಬೇಕರಿಯವನು ಮತ್ತು ಇಡೀ ಬೀದಿ ಅವಳ ಬೆನ್ನಿಗೆ ಎದ್ದು ನಿಂತರು. ಅಕ್ಕ ಮೈಕಿನ ಮುಂದೆ ಬಂದು ತಮ್ಮನ ತಲೆಯ ಮೇಲಿನ ಗಡಿಯಾರವನ್ನು ನೋಡಿದಳು.

"ಹೇಳಿ, ನಿಮ್ಮ ಆಕ್ಷೇಪಣೆ ಏನು?" ಎಂದ ಗುಬ್ಬಿ. ಅಕ್ಕನನ್ನು 'ನೀವು' ಎಂದು ಕರೆದಾಗ ಅವನ ನಾಲಿಗೆ ಬೇರೆ ಯಾರದೋ ಬಾಯಲ್ಲಿ ಇದ್ದ ಹಾಗೆ ಅನ್ನಿಸಿತು.

"ಸಾರ್," ಎಂದಳು ಅಕ್ಕ. "ಈ ಗೆರೆ ಎಳೆದವರು ಒಂದೇ ಒಂದು ದಿನ ನಮ್ಮ ಅಡುಗೆಮನೇಲಿ ಊಟ ಮಾಡಿದ್ದಿದ್ರೆ ಅದನ್ನ ಅಲ್ಲಿ ಎಳೀತಿರ್ಲಿಲ್ಲ."

ಜನ ಚಪ್ಪಾಳೆ ತಟ್ಟಿದರು. ಗುಬ್ಬಿಯ ಕಿವಿ ಕೆಂಪಾಯಿತು. ಆ ಮನೆಯ ಅನ್ನ ತಿಂದೇ ಮೂಳೆ ಗಟ್ಟಿಯಾದವನು.

"ಕಳೆದ ಮಳೆಗಾಲದಲ್ಲಿ ನಿಮ್ಮ ಮನೆಗೆ ನೀರು ಬಂದಿತ್ತಾ?"

"ಇಲ್ಲ ಸಾರ್. ಬೀದಿ ತುದೀಲೇ ನಿಂತಿತು."

"ಆಯ್ತಲ್ಲ. ಮುಂದಿನವರನ್ನ ಕರೀರಿ," ಎಂದು ಸಾಹೇಬರು ಪಿಸುಗುಟ್ಟಿದರು. ಕರೆಯಬಹುದಿತ್ತು. ಅಕ್ಕ ಕೇಳಿದ್ದೂ ಅಷ್ಟೇ, ಅವನು ಮನಸ್ಸಿನಲ್ಲಿ ಮಾತು ಕೊಟ್ಟದ್ದೂ ಅಷ್ಟೇ. ಹೊರಗೆ ಎಲ್ಲೋ ದೂರದಲ್ಲಿ ಗುಡುಗು ಉರುಳಿತು. ಅದನ್ನು ಕೇಳಿ ಮೈಕಿನ ಕಂಬ ಹಿಡಿದಿದ್ದ ಅಕ್ಕನ ಎರಡೂ ಕೈ ಬಿಗಿಯಾದದ್ದು ಅವನಿಗೆ ಕಂಡಿತು.

"ಊಟದ ಮೇಜು ಹಿಂದಿನ ಕೋಣೆಗೆ ಯಾಕೆ ಹೋಯ್ತು?" ಎಂದ.

ಅಕ್ಕನ ಕಣ್ಣು ಗಡಿಯಾರದಿಂದ ಇಳಿದು ನೇರ ಅವನ ಮುಖಕ್ಕೆ ಬಂತು. "ಮಾತ್ರೆ ಇಡೋಕೆ."

"ಒಂದು ಡಬ್ಬಿ ಮಾತ್ರೆಗೆ ಅಷ್ಟು ದೊಡ್ಡ ಮೇಜು ಬೇಕಾ?"

"ನಮ್ಮ ಮನೆ, ನಮ್ಮ ಮೇಜು. ನಿಮಗ್ಯಾಕೆ ಸಾರ್?"

"ಮಂಚದ ಕೆಳಗೆ ಇಟ್ಟಿಗೆ ಯಾಕೆ? ಇಡೀ ಬೀದೀಲಿ ಹೊಸ ಬಣ್ಣ ಒಂದೇ ಮಟ್ಟಕ್ಕೆ ಯಾಕೆ ನಿಂತಿದೆ?" ಹಿಂದೆ ನಿಂತವರಲ್ಲಿ ಗುಜುಗುಜು ಎದ್ದಿತು. ಗುಬ್ಬಿಯ ದನಿ ಅವನ ಹಿಡಿತ ತಪ್ಪಿ ಮೇಲೇರಿತು. "ಭಾವನ್ನ ಆ ಕೋಣೇಲಿ ಇಟ್ಕೊಂಡು ಇನ್ನೊಂದು ಮಳೆಗಾಲ ಕಾಯ್ತೀಯಾ? ಮಾತ್ರೆ ಇಡೋಕಂತೆ!"

"ಇನ್ನೆಲ್ಲಿಗೆ ಕರ್ಕೊಂಡು ಹೋಗ್ಲೋ, ಗುಬ್ಬಿ?" ಅಕ್ಕ ಕೂಗಿದಳು. ಮೈಕಿನಿಂದ ಹೊರಟ ಗುಬ್ಬಿ ಎಂಬ ಹೆಸರು ಸಭಾಂಗಣ ದಾಟಿ ವರಾಂಡದವರೆಗೂ ಹೋಯಿತು. "ಆ ಮೇಜಿನ ಮೇಲೇ ಮಲಗಿಸಿದ್ದು ಅವರನ್ನ! ಮಂಚ ಮುಳುಗಿಹೋಗಿತ್ತು. ಬೀದಿಯವರೆಲ್ಲ ತಾರಸಿ ಹತ್ತಿದ್ರು, ಇವರನ್ನ ಹೊತ್ತು ನಾನು ಏಣಿ ಹತ್ತೋಕಾಗುತ್ತಾ? ಹೇಗೆ ಹಾಲಿಗೆ ಎಳೆದು ತಂದು ಮೇಜಿನ ಮೇಲೆ ಹಾಕಿದ್ನೋ ನಂಗೇ ಗೊತ್ತಿಲ್ಲ. ನೀರು ಮೇಜಿನ ಹಲಗೆ ಮುಟ್ಟಿತು. ಮೇಜು ಅಲ್ಲಾಡೋಕೆ ಶುರುವಾಯ್ತು. ಅವರು ಗೋಡೆ ಸವರ್ತಾ ಇದ್ರು, ಕೈಗೆ ಬರೀ ನೀರು ಸಿಗ್ತಿತ್ತು. ಬೆಳಗಾಗೋ ತನಕ ಎರಡು ಕೈಲೂ ಅದುಮಿ ಹಿಡ್ಕೊಂಡು ನಿಂತಿದ್ದೆ ಕಣೋ. ನನಗೆ ಬುದ್ಧಿ ಹೇಳ್ತೀಯಾ, ಇಟ್ಟಿಗೆ ಯಾಕೆ ಅಂತ?"

ಬೇಕರಿಯವನು ತನ್ನ ಚಪ್ಪಲಿ ನೋಡುತ್ತಿದ್ದ. ಏನು ಹೇಳಿಬಿಟ್ಟೆ ಎಂದು ಅಕ್ಕನಿಗೆ ಆಗ ಅರಿವಾಯಿತು. ಬಾಯಿಗೆ ಕೈ ಅಡ್ಡ ಹಿಡಿದಳು, ಆದರೆ ಆಡಿದ ಮಾತು ಒಡೆದ ಮುತ್ತು.

"ನನ್ನನ್ನ ಯಾಕೆ ಕರೀಲಿಲ್ಲ?" ಎಂದ ಗುಬ್ಬಿ. ಅದು ಅಧಿಕಾರಿಯ ಪ್ರಶ್ನೆಯಾಗಿರಲಿಲ್ಲ, ಅದಕ್ಕೆ ಮೈಕೂ ಇರಲಿಲ್ಲ.

"ಕರೆದಿದ್ರೆ ನೀನು ಬರ್ತಿದ್ದೆ. ಬಂದಿದ್ರೆ ನೀರು ನೋಡ್ತಿದ್ದೆ. ನೋಡಿದ ಮೇಲೆ ನಿನ್ನ ಕೈ ಸುಮ್ಮನಿರ್ತಿತ್ತಾ?"

ತಾನು ಮಾಡುವ ಕೆಲಸಕ್ಕೆ ಹೆದರಿ, ಹೊತ್ತು ಸಾಕಿದವಳು ಕತ್ತಲಲ್ಲಿ ತನ್ನ ಹೆಸರನ್ನೂ ಕೂಗದೆ ನಿಂತಿದ್ದಳು ಎಂಬುದು ಅವನೊಳಗೆ ನಿಧಾನವಾಗಿ ಇಳಿಯಿತು. ಅವನಿಗೆ ಅಳು ಬಂತು, ನಾಚಿಕೆಯಾಯಿತು, ಅವಳ ಮೇಲೆ ತಡೆಯಲಾರದ ಸಿಟ್ಟೂ ಬಂತು.

"ಸಾರ್," ಎಂದಳು ಟೈಪಿಸ್ಟ್ ಹುಡುಗಿ ಮೆಲ್ಲಗೆ. "ನೀರು ಬಂದಿತ್ತು ಅಂತ ಬರೀಲಾ, ಬಂದಿಲ್ಲ ಅಂತ ಬರೀಲಾ?"

ಸಾಹೇಬರು ಸೂರು ನೋಡತೊಡಗಿದರು. ಗುಬ್ಬಿ ಅಕ್ಕನನ್ನು ನೋಡಿದ. ಅವಳು ಒಂದು ಸಲ ತಲೆಯಾಡಿಸಿದ್ದರೆ ಸಾಕಿತ್ತು; ಅವನ ಅರ್ಧ ಭಾರ ಇಳಿಯುತ್ತಿತ್ತು. ಅವಳು ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ಬಾಯಿಗೆ ಹಿಡಿದ ಕೈಯನ್ನು ತೆಗೆಯದೆ ಸುಮ್ಮನೆ ನಿಂತಿದ್ದಳು.

"ಬಂದಿತ್ತು ಅಂತ ಬರೀರಿ," ಎಂದ. "ಗೆರೆ ಬೀದಿಯ ಮೇಲ್ತುದಿಗೆ ಹೋಗುತ್ತೆ. ಮಳೆ ಹಿಡಿಯೋ ಮುಂಚೆ ಮನೆ ಕೊಡೋದಾದ್ರೆ ಮೊದಲು ಮಲಗಿದವರಿರೋ ಮನೆಯವರಿಗೆ ಕೊಡಬೇಕು, ಅದನ್ನೂ ಬರೀರಿ."

ಆಮೇಲೆ ಎದ್ದ ಗಲಾಟೆಯಲ್ಲಿ ಬೇಕರಿಯವನ ದನಿಯೇ ಎಲ್ಲಕ್ಕಿಂತ ಮೇಲಿತ್ತು. "ತಮ್ಮನಂತೆ ತಮ್ಮ! ನೀರು ಬಿಟ್ಟ ಮನೇನ ಇವನು ಮುಳುಗಿಸಿದ!" ಅಕ್ಕ ಹಿಂತಿರುಗಿ ನೋಡದೆ ಜನರ ನಡುವೆ ದಾರಿ ಮಾಡಿಕೊಂಡು ಹೊರಟುಹೋದಳು. ಯಾರೂ ಅವಳ ಜೊತೆ ಹೋಗಲಿಲ್ಲ.

ಸಂಜೆ ಗುಬ್ಬಿ ಆ ಬೀದಿಗೆ ಬಂದಾಗ ಹನಿ ಬೀಳುತ್ತಿತ್ತು. ಬೀದಿಯವರು ಅವನನ್ನು ಕಂಡು ಒಂದೊಂದೇ ಕಿಟಕಿ ಮುಚ್ಚಿದರು. ಅಕ್ಕ ಬಾಗಿಲು ತೆರೆದಳು, ಅದನ್ನು ಮುಚ್ಚದೆ ಒಳನಡೆದಳು. ಗುಬ್ಬಿ ಅವಳ ಹಿಂದೆಯೇ ಹೋದ. ಭಾವ ಎಚ್ಚರವಾಗಿದ್ದ. ಮಳೆಯ ಸದ್ದಿಗೆ ಅವನ ಎಡಗೈ ಗೋಡೆಯ ಮೇಲೆ ಅತ್ತಿಂದಿತ್ತ ಓಡಾಡುತ್ತಿತ್ತು. ಗುಬ್ಬಿ ಆ ಕೈಯನ್ನೇ ನೋಡುತ್ತ ನಿಂತ.

"ನಿಂತ್ಕೊಂಡು ಏನು ನೋಡ್ತೀಯ? ಆ ಕಡೆ ಹಿಡಿ," ಎಂದಳು ಅಕ್ಕ.

ಅವನು ಮಂಚದ ತಲೆಯ ಕಡೆ ಹಿಡಿದ, ಅವಳು ಕಾಲ ಕಡೆ. ಭಾವನ ಸಮೇತ ಮಂಚವನ್ನು ಇಟ್ಟಿಗೆಗಳ ಮೇಲಿಂದ ಎತ್ತಿ, ಮೇಜಿಗೆ ತಾಗದಂತೆ ಓರೆಯಾಗಿ ತಿರುಗಿಸಿ, ಬಾಗಿಲು ದಾಟಿಸಿ, ಮೆಟ್ಟಿಲು ಹತ್ತಿಸಿ, ಎತ್ತರದ ಹಾಲಿಗೆ ತಂದರು. ಎಲ್ಲಿ ಬಾಗಬೇಕು, ಎಲ್ಲಿ ನಿಲ್ಲಬೇಕು ಎಂದು ಒಬ್ಬರಿಗೊಬ್ಬರು ಹೇಳಬೇಕಾಗಲಿಲ್ಲ. ಗೋಡೆಯ ಪಕ್ಕ ಇಳಿಸಿದರು. ಭಾವನ ಕೈ ಗಾಳಿಯಲ್ಲಿ ತಡಕಾಡಿ, ಗೋಡೆ ಮುಟ್ಟಿ, ಅದರ ಉಬ್ಬುತಗ್ಗು ಗುರುತು ಹಿಡಿದು ಸುಮ್ಮನಾಯಿತು.

ಅಕ್ಕ ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಟ್ಟಳು. ಬಿಕ್ಕದೆ, ಮುಖ ಒರೆಸಿಕೊಳ್ಳದೆ ಅಳುತ್ತಿದ್ದಳು.

"ಅವತ್ತು ಆ ಕಡೆ ಹಿಡಿಯೋಕೆ ಒಬ್ಬರಿದ್ದಿದ್ರೆ ಸಾಕಾಗಿತ್ತು ಕಣೋ," ಎಂದಳು.

ಮಂಚ ಆಗಲೇ ನೆಲ ಮುಟ್ಟಿತ್ತು. ಗುಬ್ಬಿ ತನ್ನ ಕಡೆಯನ್ನು ಬಿಡದೆ ಹಾಗೇ ಹಿಡಿದುಕೊಂಡಿದ್ದ.